ದೇವರ ಹೆಸರುಗಳೂ ಅವ್ವನ ಕರೆಯೂ

ದೇವರ ಹೆಸರುಗಳಿಗೆ ಅರ್ಥ ಹುಡುಕುವ ಕೆಲಸ ನನ್ನ ಕೊರಳಿಗೆ ಬಿದ್ದದ್ದು ನನ್ನ ಬಾಯಿಯಿಂದಲೇ. ನಾನು ಅಣ್ಣಿಗೇರಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಕನ್ನಡ ಎಲ್ಲಾದರೂ ಕುಂಟಿದರೆ ಸುಮ್ಮನಿರಲು ನನಗೆ ಬರುವುದಿಲ್ಲ. ಮದುವೆಯ ಊಟಕ್ಕೆ ಹೋದರೂ ಲಗ್ನಪತ್ರಿಕೆಯ ತಪ್ಪು ತಿದ್ದಿ ಬರುತ್ತಾಳೆ ಎಂದು ನನ್ನ ಗಂಡ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾನೆ. ಅದು ಸುಳ್ಳೇನಲ್ಲ.

ನಮ್ಮ ಶಾಲೆಯ ಗಣಿತದ ಅಕ್ಕೋರ ಮಗಳ ಮದುವೆ ಊರಂಚಿನ ಸಣ್ಣ ಚರ್ಚಿನಲ್ಲಿ ಆಯಿತು. ಅಲ್ಲಿಯ ಪಾಸ್ಟರ್ ಬೆಟಗೇರಿ ಕಡೆಯವರು, ನಮ್ಮಪ್ಪನಿಗಿಂತ ಒಂದಿಷ್ಟು ಚಿಕ್ಕವರು. ಬಾಗಿಲಲ್ಲಿ ನಿಂತಾಗ "ಬರ್ರಿ ಅಕ್ಕೋರ, ಆರಾಮ ಅದೀರೇನು?" ಎಂದು ಬಾಯಿತುಂಬ ಮಾತಾಡಿಸಿದ ಮನುಷ್ಯ, ಒಳಗೆ ವೇದಿಕೆ ಹತ್ತಿದ ಕೂಡಲೇ "ಆದಕಾರಣ, ಪ್ರಿಯರೇ, ಸರ್ವಶಕ್ತನಾದಾತನು" ಎಂದು ಶುರು ಮಾಡಿದರು. ಮುಂದಿನ ಸಾಲಿನ ಮುದುಕರು ಒಬ್ಬೊಬ್ಬರಾಗಿ ತೂಕಡಿಸತೊಡಗಿದರು. ಊಟದ ಹೊತ್ತಿಗೆ ಪಾಸ್ಟರ್ ಎದುರು ಬಂದು "ಹೆಂಗಿತ್ರಿ ನಮ್ಮ ಪ್ರಸಂಗ?" ಎಂದು ಕೇಳಿದರು. ನನ್ನನ್ನು ಕೇಳಬಾರದಿತ್ತು.

"ಹೊಳಿಯೊಳಗ ಹುಣಸಿಹಣ್ಣು ತೊಳದಂಗಾತ್ರಿ," ಎಂದೆ. "ನಿಮ್ಮ ಸಭಾದಾಗ ಕೂತೋರು ಕಳೆ ತೆಗೆಯೋರು, ಹತ್ತಿ ಬಿಡಿಸೋರು. ಅವರ ಮುಂದ ಈ ಕನ್ನಡ ಯಾಕ್ರಿ?"

ಅವರಿಗೆ ಸಿಟ್ಟು ಬರಲಿಲ್ಲ. ಕೈಯಲ್ಲಿದ್ದ ಬುಂದೆ ಉಂಡೆ ತಟ್ಟೆಗೆ ಇಟ್ಟು, "ಹಂಗಾರ ನೀವೇ ಹೇಳಿಕೊಡ್ರಿ," ಎಂದರು. "ನಮ್ಮ ದೇವರಿಗೆ ಹಳೇ ಹೀಬ್ರೂ ಭಾಷಾದಾಗ ಭಾಳ ಹೆಸರದಾವು. ರವಿವಾರಕ್ಕೊಂದು ಹೆಸರು ಹಿಡಕೊಂಡು ಹೇಳಬೇಕು ಅಂತ ನನ್ನ ಆಸೆ. ಅರ್ಥ ನನಗ ಗೊತ್ತದ. ಅದನ್ನ ನಮ್ಮ ಜನರ ಬಾಯಿಗೆ ತರೋದು ನಿಮ್ಮ ಕೆಲಸ."

ಒಲ್ಲೆ ಎನ್ನಲು ಒಂದು ಕಾರಣವಿತ್ತು. ನಾವು ಅವರ ಪೈಕಿ ಅಲ್ಲ. ನಮ್ಮಪ್ಪ ನಡುವಯಸ್ಸಿನಲ್ಲಿ ದೀಕ್ಷೆ ತೊಗೊಂಡು ಬೌದ್ಧನಾದವನು. ಪಡಸಾಲೆಯ ಗೂಡಿನಲ್ಲಿ ಅವನ ಬುದ್ಧ, ಅಡಿಗೆಮನೆಯ ಜಗಲಿಯ ಮೇಲೆ ಅವ್ವನ ಎಲ್ಲಮ್ಮ. ಇಬ್ಬರಿಗೂ ನಮ್ಮ ಮನೆಯಲ್ಲಿ ಜಗಳವಿಲ್ಲ. ಮೂರನೆಯವರನ್ನು ಕರೆತರುವುದು ಸರಿಯೋ ಎಂದು ಅಪ್ಪನನ್ನು ಕೇಳಿದೆ. ಆಗಿನ್ನೂ ಅವನ ನೆನಪು ಮುಕ್ಕಾಲು ಪಾಲು ನೆಟ್ಟಗಿತ್ತು. "ಇಲ್ಲದಾವಗ ಇಷ್ಟ್ಯಾಕವಾ ಹೆಸರು?" ಎಂದು ನಕ್ಕ. ಆಮೇಲೆ, "ಹೋಗು, ಶಬ್ದದ ಕೆಲಸ ಐತಿ. ಕಬ್ಬಿಣದ ಕೆಲಸ ಇದ್ರ ನಾ ಬರ್ತಿದ್ದೆ," ಎಂದ.

ಹೀಗೆ ಶುರುವಾಯಿತು. ರವಿವಾರ ಮಧ್ಯಾಹ್ನ ಊಟ ಮುಗಿದ ಮೇಲೆ ಚರ್ಚಿನ ಹಿಂದಿದ್ದ ಪಾಸ್ಟರರ ಮನೆಯಲ್ಲಿ ನಮ್ಮ ಬೈಠಕ್ಕು. ಅವರು ಒಂದು ಹೆಸರನ್ನು ಹೀಬ್ರೂವಿನಲ್ಲಿ ನಿಧಾನವಾಗಿ ಉಚ್ಚರಿಸುವರು. ಆಮೇಲೆ ಆ ಹೆಸರನ್ನು ಯಾರು ಕರೆದರು, ಯಾವ ಸಂಕಟದಲ್ಲಿ ಕರೆದರು ಎಂಬ ಕಥೆ ಹೇಳುವರು. ನಾನು ಕನ್ನಡದ ಶಬ್ದ ಒಂದೊಂದಾಗಿ ಮುಂದಿಡುವೆ. ಇಬ್ಬರಿಗೂ ಒಪ್ಪಿಗೆಯಾದದ್ದನ್ನು ಅವರು ಅಡಿಗೆಮನೆಯ ಕಡೆ ಮುಖ ಮಾಡಿ ಜೋರಾಗಿ ಹೇಳುವರು. ಒಳಗಿನಿಂದ ಅವರ ಹೆಂಡತಿ "ಏನಂದ್ರಿ?" ಎಂದು ಕೇಳಿದರೆ ಆ ಶಬ್ದ ನಪಾಸು. ಸುಮ್ಮನಿದ್ದರೆ ಪಾಸು. ವರ್ಷಗಟ್ಟಲೆ ಉತ್ತರಪತ್ರಿಕೆ ತಿದ್ದಿದವಳು ನಾನು, ಇಷ್ಟು ನೇರವಾದ ಪರೀಕ್ಷೆ ಬೇರೆಲ್ಲೂ ಕಂಡಿಲ್ಲ.

ಎಲೋಹಿಮ್ ಸಲೀಸಾಗಿ ಬಗೆಹರಿಯಿತು. ಹೀಬ್ರೂವಿನಲ್ಲಿ ಅದು ಬಹುವಚನದ ರೂಪವಂತೆ, ಆದರೆ ದೇವರು ಒಬ್ಬನೇ. ಇದನ್ನು ಜನಕ್ಕೆ ಹೇಗೆ ತಿಳಿಸಲಿ ಎಂದು ಪಾಸ್ಟರರಿಗೆ ಚಿಂತೆ. ಒಬ್ಬನಿಗೇ 'ದೇವರು' ಎನ್ನುವ, ಒಬ್ಬ ಗಂಡನಿಗೇ 'ಬಂದ್ರು, ಉಂಡ್ರು' ಎನ್ನುವ ಈ ಊರಿಗೆ ಅದನ್ನು ತಿಳಿಸುವ ಗರಜೇ ಇಲ್ಲ ಎಂದೆ. ಅವರು ಹಣೆ ಬಡಿದುಕೊಂಡು ನಕ್ಕರು.

ಎಲ್ ಶದ್ದೈ ಬಂದಾಗ ಮಾತ್ರ ಅವರಿಗೆ ಕೆಮ್ಮು ಹತ್ತಿತು. ಎಲ್ಲರೂ 'ಸರ್ವಶಕ್ತ' ಎಂದು ಬರೆಯುತ್ತಾರೆ, ಮೂಲದ ಅರ್ಥ ಯಾರಿಗೂ ಪಕ್ಕಾ ಇಲ್ಲ. ಕೆಲವು ಪಂಡಿತರು ಬೆಟ್ಟದ ದೇವರು ಎನ್ನುತ್ತಾರೆ, ಇನ್ನು ಕೆಲವರು, ಎಂದು ಹೇಳಿ ನಿಂತುಬಿಟ್ಟರು. ಕಿಟಕಿಯ ಆಚೆ ನೋಡುತ್ತ ದನಿ ತಗ್ಗಿಸಿ, "ಮೊಲಿ ಅನ್ನೋ ಶಬ್ದದಿಂದ ಬಂದದ್ದು ಅಂತಾರ್ರಿ. ಹಾಲು ಕುಡಿಸಿ ಸಾಕೋ ದೇವರು ಅಂತ. ಇದನ್ನ ವೇದಿಕಿ ಮ್ಯಾಲೆ ನಿಂತು ಹೆಂಗ್ರಿ ಹೇಳೋದು?" ಎಂದರು. ಅವರು ಎಷ್ಟು ದನಿ ತಗ್ಗಿಸಿದರೂ ಒಳಗೆ ಕೇಳಿಸಿತ್ತು. "ಅದಕ್ಯಾಕ ನಾಚಿಕಿ? ನೀವೂ ಕುಡದೇ ದೊಡ್ಡವರಾಗೀರಿ," ಎಂದು ಅಡಿಗೆಮನೆಯಿಂದ ಉತ್ತರ ಬಂತು.

ನನಗೂ ನಾಚಿಕೆಯಾಗಲಿಲ್ಲ. ಅವ್ವ ಮೊರಬದ ಹೆಣ್ಣುಮಗಳು, ಅಣ್ಣಿಗೇರಿಗೆ ಬಂದ ಮೇಲೂ ಹೊಲದ ಕೂಲಿ ಬಿಟ್ಟವಳಲ್ಲ. ಜಾಲಿಗಿಡಕ್ಕೆ ಸೀರೆಯ ಜೋಳಿಗೆ ಕಟ್ಟಿ ನನ್ನನ್ನು ಮಲಗಿಸಿ ಕಳೆ ತೆಗೆಯುತ್ತಿದ್ದಳು. ನಾನು ಅತ್ತಾಗ ಸಾಲು ಬಿಟ್ಟು ಬಂದು ಹಾಲು ಕುಡಿಸಿದರೆ ಹೊಲದವರು ಬೈಯುವರು, ಬೈಸಿಕೊಳ್ಳುತ್ತಲೇ ಕುಡಿಸುವಳು. ಇದಕ್ಕಿಂತ ದೊಡ್ಡ ಶಕ್ತಿ ಸರ್ವಶಕ್ತನಲ್ಲಿ ಏನಿರಬೇಕು ಎಂದು ನನಗೆ ಅವತ್ತೂ ತಿಳಿಯಲಿಲ್ಲ, ಇವತ್ತೂ ತಿಳಿದಿಲ್ಲ.

ಯೆಹೋವ ಯೀರೆಯ ದಿನ ನಾವಿಬ್ಬರೂ ಜಗಳವಾಡಿದೆವು. ಒಬ್ಬ ತಂದೆ ದೇವರ ಮಾತು ಕೇಳಿ ಮಗನನ್ನೇ ಬಲಿ ಕೊಡಲು ಬೆಟ್ಟ ಹತ್ತಿದ ಕಥೆ ಅದು. ಕಡೆಯ ಗಳಿಗೆಯಲ್ಲಿ ದೇವರೇ ತಡೆದ. ಕಂಟಿಯಲ್ಲಿ ಕೊಂಬು ಸಿಕ್ಕಿಕೊಂಡ ಟಗರು ಕಣ್ಣಿಗೆ ಬಿತ್ತು, ಮಗ ಉಳಿದ. ಆ ಜಾಗಕ್ಕೆ ತಂದೆ ಇಟ್ಟ ಹೆಸರು ಇದು. ಮಗನ ಕೊರಳಿಗೆ ಕತ್ತಿ ಹಿಡಿಸಿ ಆಮೇಲೆ ಟಗರು ತೋರಿಸುವ ದೇವರು ಎಂಥವನು ಎಂದು ನಾನು ಕೇಳಿದೆ. ಅವರು ಉತ್ತರ ಹೇಳಿದರು, ನನಗೆ ಸಮಾಧಾನವಾಗಲಿಲ್ಲ. ಆದರೆ ಹೆಸರು ಮನಸ್ಸಿಗೆ ಹಿಡಿಸಿತು. ಪುಸ್ತಕದ ಕನ್ನಡದಲ್ಲಿ ಅದು 'ಒದಗಿಸುವನು'. ಮೂಲದಲ್ಲಿ ಏನಿದೆ ಎಂದು ಕೇಳಿದೆ.

"'ನೋಡ್ತಾನ' ಅಂತ ಅಷ್ಟೇ ಅದ್ರಿ. ನೋಡೋದು ಅಂದ್ರ ಒದಗಿಸೋದು ಹೆಂಗ ಆಗ್ತದ ಅಂತ ತಿಳಿಸಾಕ ಅರ್ಧ ತಾಸು ಬೇಕು."

"ಅರ್ಧ ತಾಸು ಯಾಕ್ರಿ? 'ನೋಡ್ಕೋತಾನ' ಅನ್ರಿ."

ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಕೂಸನ್ನು ನೆರೆಮನೆಯವರ ಕಡೆ ಬಿಟ್ಟು ಹುಬ್ಬಳ್ಳಿಗೆ ಹೋಗುವ ತಾಯಿ ನಮ್ಮಲ್ಲಿ ಹೇಳುವುದು ಅದೊಂದೇ ಮಾತು: ಸ್ವಲ್ಪ ನೋಡ್ಕೋರಿ. ಕೂಸಿಗೆ ಹಸಿವಾದರೆ ಉಣಿಸುವುದು, ಬಿದ್ದರೆ ಎತ್ತುವುದು, ಎಲ್ಲ ಆ ನೋಟದಲ್ಲೇ ಬಂತು. ಪಾಸ್ಟರ್ ಅಡಿಗೆಮನೆಯ ಕಡೆ ತಿರುಗಿ "ದೇವರು ನೋಡ್ಕೋತಾನ" ಎಂದು ಕೂಗಿದರು. ಒಳಗೆ ಸದ್ದಿಲ್ಲ. ಮುಂದಿನ ರವಿವಾರ ಸಭೆಯಲ್ಲಿ ಯಾರೂ ತೂಕಡಿಸಲಿಲ್ಲವಂತೆ.

ಆ ಶಬ್ದ ನನ್ನ ನಾಲಿಗೆಯ ತುದಿಯಲ್ಲಿದ್ದುದಕ್ಕೆ ಕಾರಣ ಬೇರೆ. ಆ ವರ್ಷ ನಮ್ಮ ಮನೆಯಲ್ಲಿ ಬೆಳಗಿನಿಂದ ಸಂಜೆಯತನಕ ನಡೆಯುತ್ತಿದ್ದ ಮಾತೇ ಅದು. ಅಪ್ಪನನ್ನು ನೋಡ್ಕೋ. ನಾ ಬರೋತನಕ ನೋಡ್ಕೋತಿಯೇನು. ಮರೆವು ಅವನನ್ನು ದಿನದಿನಕ್ಕೆ ಒಳಗೆಳೆದುಕೊಳ್ಳುತ್ತಿತ್ತು. ಮೊದಲು ಚಪ್ಪಲಿ ಎಲ್ಲಿಟ್ಟೆ ಎಂಬುದು ಹೋಯಿತು, ಆಮೇಲೆ ನಿನ್ನೆ ಎಂಬುದು ಹೋಯಿತು, ಆಮೇಲೆ ನಾನು. ನನ್ನನ್ನು 'ಅಕ್ಕೋರ' ಎಂದು ಕರೆಯತೊಡಗಿದ, ಊರಿನವರು ಕರೆಯುವ ಹಾಗೆ. ಅವನು ದುಡಿದ ಪಗಾರದಲ್ಲಿ ಓದಿ ಅಕ್ಕೋರಾದವಳು ನಾನು. ಎದುರಿಗೆ 'ಹೂಂ ಹೇಳ್ರಿ' ಎಂದು ನಕ್ಕು, ಹಿತ್ತಲಿಗೆ ಹೋಗಿ ಅಳುತ್ತಿದ್ದೆ.

ಅಪ್ಪ ರೈಲ್ವೆಯಲ್ಲಿ ಕೀಮ್ಯಾನ್ ಆಗಿದ್ದ. ಹೆಗಲ ಮೇಲೆ ಉದ್ದ ಕಾವಿನ ಸುತ್ತಿಗೆ, ಬಗಲಲ್ಲಿ ಬಾವುಟ, ಬೆಳಗಾಗುತ್ತಿದ್ದಂತೆ ಹಳಿಯ ಗುಂಟ ನಡೆಯುತ್ತ, ಹಳಿಯನ್ನು ಬಿಗಿಹಿಡಿಯುವ ಕಬ್ಬಿಣದ ಕೀಲಿ ಸಡಿಲಾಗಿದ್ದರೆ ಬಡಿದು ಕೂರಿಸುವ ಕೆಲಸ. ಅವ್ವ ಕೂಲಿಗೆ ಹೋಗುತ್ತಿದ್ದುದು ಹೆಚ್ಚಾಗಿ ಲೈನಿನ ಬಾಜುವಿನ ಹೊಲಗಳಿಗೆ. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಬದುವಿನ ಮೇಲೆ ನಿಂತು "ಕೇಳಿದ್ರೇನ್ರೀ" ಎಂದು ಒಂದು ಕೂಗು ಹಾಕುವಳು. ಎರಡು ಹೊಲದಾಚೆ ಇದ್ದರೂ ಅಪ್ಪ ಹಳಿ ಬಿಟ್ಟು, ಏರಿಯ ಇಳಿಜಾರಿನಲ್ಲಿ ಮೊಣಕಾಲ ಮೇಲೆ ಒಂದು ಕೈಯಿಟ್ಟು ಅಡ್ಡಡ್ಡ ಇಳಿದು ಬರುವನು. ಶಾಲೆಗೆ ಸೂಟಿ ಇದ್ದ ದಿನ ಅವರಿಬ್ಬರ ನಡುವೆ ಕೂತು ನಾನೂ ಉಂಡಿದ್ದೇನೆ.

ಒಂದು ಸಂಜೆ ಅವ್ವ ರೊಟ್ಟಿ ಬಡಿಯುವಾಗ ಎಲ್ ರೋಯಿಯ ಕಥೆ ಹೇಳಿದೆ. ಒಬ್ಬ ದೊಡ್ಡ ಮನುಷ್ಯನ ಮನೆಯಲ್ಲಿ ದುಡಿಯುವ ಹೆಣ್ಣುಮಗಳು. ಒಡತಿಗೆ ಮಕ್ಕಳಿಲ್ಲ, ತಾನೇ ಇವಳನ್ನು ಗಂಡನಿಗೆ ಒಪ್ಪಿಸಿದಳು. ಇವಳು ಬಸುರಾದ ಮೇಲೆ ಅದೇ ಒಡತಿ ಬಾಳಗೊಡಲಿಲ್ಲ. ಇವಳು ಓಡಿಹೋಗಿ ಮರಳುಗಾಡಿನಲ್ಲಿ ಒಂದು ಒರತೆಯ ಹತ್ತಿರ ಕೂತಳು. ಅಲ್ಲಿ ಒಂದು ದನಿ ಎಲ್ಲಿಂದ ಬಂದೆ, ಎಲ್ಲಿಗೆ ಹೋಗುತ್ತೀ ಎಂದು ಕೇಳಿತು. ಹುಟ್ಟುವ ಮಗನಿಗೆ 'ದೇವರು ಕೇಳಿಸಿಕೊಂಡ' ಎಂಬ ಅರ್ಥದ ಹೆಸರಿಡು ಎಂದಿತು. ಆಗ ಇವಳು ತಾನೇ ಆ ದೇವರಿಗೆ ಒಂದು ಹೆಸರಿಟ್ಟಳು: ಎಲ್ ರೋಯಿ, ನನ್ನನ್ನು ನೋಡುವ ದೇವರು. ಅವರ ಶಾಸ್ತ್ರದಲ್ಲಿ ದೇವರಿಗೆ ಮೊಟ್ಟಮೊದಲು ಹೆಸರಿಟ್ಟವಳು ಈಕೆಯೇ ಎಂದು ಪಾಸ್ಟರ್ ಹೇಳಿದ್ದರು.

ಅವ್ವನ ಕೈ ಹಿಟ್ಟಿನ ಮೇಲೆ ನಿಂತಿತು. "ದುಡಿಯಾಕ ಬಂದಾಕಿ ದೇವರಿಗೆ ಹೆಸರಿಟ್ಲು? ಅಗದಿ ಚಲೋ ಮಾಡಿದ್ಲು." ಮತ್ತೆ ರೊಟ್ಟಿ ತಿರುಗಿಸಿ, "ಮುಂದ ಅಕಿ ಅದೇ ಮನಿಗೆ ಹೊಳ್ಳಿ ಹೋದ್ಲೇನು?" ಎಂದಳು.

"ಹೋದ್ಲಂತ."

"ಹೋಗಬಾರದಿತ್ತು," ಎಂದಳು ಅವ್ವ. ಒಂದು ರೊಟ್ಟಿ ಬೆಂದು ಬುಟ್ಟಿಗೆ ಬಿದ್ದ ಮೇಲೆ ತಾನಾಗಿ ಹೇಳಿದಳು, "ನೀ ಹೊಟ್ಯಾಗ ಇದ್ದಾಗ ನಾ ಹತ್ತಿ ಬಿಡಸಾಕ ಹೋಗ್ತಿದ್ದೆ. ನೀರು ಬೇಡಿದ್ರ ಕೈಯಾಗ ಚರಿಗಿ ಕೊಡ್ತಿರಲಿಲ್ಲ, ಮ್ಯಾಲಿಂದ ಬೊಗಸಿಗೆ ಸುರಿತಿದ್ರು. ಹೊಲದಾಗ ನಮ್ಮ ಮಾರಿ ಯಾರೂ ನೋಡ್ತಿರಲಿಲ್ಲ. ಲೈನಿನ ಮ್ಯಾಲೆ ನಿಂತು ನಿಮ್ಮಪ್ಪ ನೋಡ್ತಿದ್ರು. ಅಷ್ಟು ಸಾಕಾಗ್ತಿತ್ತು." ಅಪ್ಪ ಅಲ್ಲೇ ಗೋಡೆಗೆ ಒರಗಿ ಕೂತಿದ್ದ. ತನ್ನ ಮಾತು ನಡೆದಿದೆ ಎಂಬುದು ಅವನಿಗೆ ಗೊತ್ತಾಗಲಿಲ್ಲ.

ಕಡೆಗೆ ಬಂದದ್ದು ದೊಡ್ಡ ಹೆಸರು, ಹೀಬ್ರೂವಿನಲ್ಲಿ ನಾಲ್ಕು ಅಕ್ಷರದ್ದು, ಕನ್ನಡದ ಬೈಬಲ್ಲು 'ಯೆಹೋವ' ಎಂದು ಬರೆಯುವುದು. ಅದನ್ನು ಯೆಹೂದಿಗಳು ಬಾಯಿಬಿಟ್ಟು ಹೇಳುವುದೇ ಇಲ್ಲವಂತೆ. ಓದುವಾಗ ಆ ಜಾಗ ಬಂದರೆ 'ಅದೊನಾಯ್', ಅಂದರೆ ನನ್ನ ಒಡೆಯ, ಎಂದು ಓದುತ್ತಾರೆ. ಮಾತಿನಲ್ಲಿ ಬಂದರೆ 'ಹಶೇಮ್', ಆ ಹೆಸರು, ಎಂದು ಬಿಡುತ್ತಾರೆ. ಹೇಳದೆ ಹೇಳದೆ ಅದನ್ನು ಉಚ್ಚರಿಸುವುದು ಹೇಗೆ ಎಂಬುದೇ ಈಗ ಯಾರಿಗೂ ಖಾತ್ರಿಯಿಲ್ಲ. ಇಷ್ಟು ಪ್ರೀತಿಯವನ ಹೆಸರನ್ನು ಯಾಕೆ ಹೇಳಬಾರದು ಎಂದು ಸಭೆ ಕೇಳಿದರೆ ಏನು ಮಾಡಲಿ ಎಂದು ಪಾಸ್ಟರ್ ತಲೆ ಕೆರೆದುಕೊಂಡರು. ನಾನು ನಕ್ಕೆ. "ಸಭಾದಾಗ ಕೂತ ವಯಸ್ಸಾದ ಹೆಣ್ಮಕ್ಕಳನ್ನ ಕೇಳ್ರಿ. ಅವರೇ ನಿಮಗ ತಿಳಿಸಿ ಹೇಳ್ತಾರ."

ಅವ್ವ ಅಪ್ಪನ ಹೆಸರು ಹೇಳಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಗಂಡನ ಹೆಸರು ಬಾಯಿಗೆ ಬಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವಳಿಗೆ ಅವಳ ಅವ್ವ ಹೇಳಿಕೊಟ್ಟಿದ್ದಳು. ಮದುವೆಯ ದಿನ ಹೊಸ್ತಿಲಿಗೆ ಅಡ್ಡ ನಿಂತ ಹೆಂಗಸರು ಒಡಪು ಹಾಕಿ ಗಂಡನ ಹೆಸರು ಹೇಳು, ಅಂದರೆ ಒಳಗೆ ಬಿಡುತ್ತೇವೆ ಎಂದು ಕಾಡುವುದು ನಮ್ಮ ಕಡೆಯ ವಾಡಿಕೆ. ಎಂಥ ನಾಚಿಕೆಯ ಮದುಮಗಳೂ ಅವತ್ತೊಂದು ದಿನ ಪದ್ಯ ಕಟ್ಟಿ, ಅದರೊಳಗೆ ಹೆಸರು ತೂರಿಸಿ ಹೇಳಿಬಿಡುತ್ತಾಳೆ. ಅವ್ವ ಅವತ್ತೂ ಹೇಳಲಿಲ್ಲ.

"ಜೋಳ ಹಸನ ಮಾಡೀನಿ, ಹಗೇವಿನ್ಯಾಗ ಹಾಕೀನಿ,
ಹೆಸರ ಎದಿಯಾಗ ಇಟ್ಟೀನಿ, ಕೀಲಿ ನುಂಗಿ ಬಂದೀನಿ"

ಎಂದಳಂತೆ. ಹೆಂಗಸರು ನಕ್ಕು ದಾರಿ ಬಿಟ್ಟರು. ಇಂಥವಳ ಮಗಳಾದ ನಾನು ಗಂಡನನ್ನು ಹೆಸರು ಹಿಡಿದೇ ಕರೆಯುತ್ತೇನೆ. ಹಾಗೆ ಕರೆದಾಗಲೆಲ್ಲ ಅವ್ವ, "ಅವನ ಆಯುಷ್ಯ ಹಿಂಗ ಖರ್ಚು ಮಾಡಬ್ಯಾಡ ಬೇ," ಎನ್ನುವಳು. ನನ್ನ ಗಂಡನಿಗೆ ಅತ್ತೆಯ ಆ ಮಾತೆಂದರೆ ಬಲು ಖುಷಿ.

ಆ ದೊಡ್ಡ ಹೆಸರಿನ ಅರ್ಥದ ಮುಂದೆ ನಾನೂ ಪಾಸ್ಟರೂ ಸೋತೆವು. ಉರಿಯುವ ಮುಳ್ಳುಕಂಟಿಯ ಮುಂದೆ ಒಬ್ಬ ಕುರಿ ಕಾಯುವವನು ದೇವರನ್ನೇ ಕೇಳಿದನಂತೆ: ಜನ ನಿನ್ನ ಹೆಸರೇನು ಎಂದರೆ ಏನು ಹೇಳಲಿ? ಅದಕ್ಕೆ ಬಂದ ಉತ್ತರ ಸುಮಾರಾಗಿ ಹೀಗೆ: ಇರುವವನೇ ಆಗಿದ್ದೇನೆ. ಆ ನಾಲ್ಕು ಅಕ್ಷರಗಳೂ ಇದೇ 'ಇರು' ಎಂಬುದರಿಂದ ಬಂದವು ಎನ್ನುತ್ತಾರೆ. ನಾನು ಅದನ್ನು ಹಾಗೆ ತಿರುವಿದೆ, ಹೀಗೆ ತಿರುವಿದೆ. ಏನು ಮಾಡಿದರೂ ಅಡಿಗೆಮನೆಯಿಂದ "ಏನಂದ್ರಿ?" ಎಂದು ಬರುವುದು ನಿಲ್ಲಲಿಲ್ಲ. ಮೂರು ರವಿವಾರ ಅದಕ್ಕೇ ಹೋದವು.

ಮೂರನೆಯ ರವಿವಾರ ಅಲ್ಲಿ ಕೂತಿದ್ದಾಗಲೇ ಅವ್ವನ ಫೋನು ಬಂತು. "ನಿಮ್ಮಪ್ಪ ಇಲ್ಲ," ಎಂದಳು. ನನ್ನ ಗಂಡ ಪೇಟೆಗೆ ಹೋಗಿದ್ದ, ಅವ್ವ ಓಣಿಯ ತುದಿಯ ಗಿರಣಿಗೆ ಹಿಟ್ಟು ಹಾಕಿಸಲು ಹೋಗಿ ಬರುವಷ್ಟರಲ್ಲಿ ಅಪ್ಪ ಹೊರಟುಹೋಗಿದ್ದ. "ಸಲಿಕಿ ಕಾವೂ ಇಲ್ಲ," ಎಂದಳು. ಹಿತ್ತಲಲ್ಲಿ ಮುರಿದು ಬಿದ್ದಿದ್ದ ಸಲಿಕೆಯ ಉದ್ದ ಕಾವು ಅದು. ಸುತ್ತಿಗೆಯ ಕಾವೂ ಅಷ್ಟೇ ಉದ್ದ ಇರುತ್ತದೆ. ಎಲ್ಲಿ ಹೋಗಿದ್ದಾನೆಂದು ನನಗೂ ತಿಳಿಯಿತು, ಅವ್ವನಿಗೂ ತಿಳಿದಿತ್ತು.

ಅಪ್ಪನ ಕಾಲದಲ್ಲಿ ಒಂದೇ ಲೈನು, ಡೀಸೆಲ್ ಗಾಡಿ. ಬರುವುದು ಎಷ್ಟೋ ದೂರದಿಂದ ನೆಲದಲ್ಲೇ ಗೊತ್ತಾಗುತ್ತಿತ್ತು. ಈಗ ಜೋಡಿ ಲೈನು, ಮೇಲೆ ಕರೆಂಟಿನ ತಂತಿ. "ಈಗಿನ ಗಾಡಿ ಕಳ್ಳರಂಗ ಬರ್ತಾವು," ಎಂದು ನೆನಪು ನೆಟ್ಟಗಿದ್ದಾಗ ಅವನೇ ಹೇಳಿದ್ದ. ಅದೂ ಈಗ ಅವನಿಗೆ ನೆನಪಿಲ್ಲ ಎಂಬುದೇ ನನ್ನ ಹೆದರಿಕೆ. ಮನೆಗೆ ಧಾವಿಸಿ, ಸ್ಕೂಟಿಯ ಹಿಂದೆ ಅವ್ವನನ್ನು ಕೂರಿಸಿಕೊಂಡು ಲೈನಿನ ಪಕ್ಕದ ಚಕ್ಕಡಿ ಹಾದಿ ಹಿಡಿದೆ. ಕಡಲೆ ಕೀಳುವ ದಿನಗಳು, ಹೊಲದಲ್ಲಿ ಜನವಿತ್ತು. ಕಿತ್ತ ಹೊಲದಲ್ಲಿ ಕುರಿ ಬಿಟ್ಟುಕೊಂಡು ನಿಂತಿದ್ದವರೊಬ್ಬರು ನಮ್ಮನ್ನು ಕಂಡದ್ದೇ ಕೈಯೆತ್ತಿ ತೋರಿಸಿದರು. "ಅಜ್ಜ ಹುಲಕೋಟಿ ಕಡೆ ಹೊಂಟಾನ್ರಿ. ನಾ ಎಷ್ಟು ಕರದ್ರೂ ಹೊಳ್ಳಿ ನೋಡವಲ್ಲ." ಕುರಿಗಳನ್ನು ಅಲ್ಲೇ ಬಿಟ್ಟು ಅವರೂ ನಮ್ಮ ಹಿಂದೆ ಓಡಿ ಬಂದರು. ಕಡಲೆ ಕೀಳುತ್ತಿದ್ದವರಲ್ಲಿ ಒಬ್ಬ ರೈಲು ಗೇಟಿನವನಿಗೆ ಫೋನು ಹಚ್ಚಿದ. ಉಳಿದವರು ಅಪ್ಪನ ಹೆಸರು ಹಿಡಿದು ಕೂಗತೊಡಗಿದರು.

ಅಪ್ಪ ದೂರದಲ್ಲಿ ಹಳಿಗಳ ನಡುವೆ ನಡೆಯುತ್ತಿದ್ದ. ಅವಸರವಿಲ್ಲ. ನಾಲ್ಕು ಹೆಜ್ಜೆಗೊಮ್ಮೆ ನಿಂತು, ಬಗ್ಗಿ ನೋಡಿ, ಕಾವಿನಿಂದ ಬಡಿದು, ಮುಂದೆ. ಈಗಿನ ಲೈನಿನಲ್ಲಿ ಬಡಿದು ಕೂರಿಸುವ ಆ ಹಳೆಯ ಕೀಲಿಗಳೇ ಇಲ್ಲ. ಹಾದಿ ಮುಗಿದಲ್ಲಿ ಸ್ಕೂಟಿ ಬಿಟ್ಟು ನಾನು ಏರಿ ಹತ್ತಿ ಓಡಿದೆ. ಕಡಿಗಲ್ಲು ಕಾಲಡಿ ಜಾರುತ್ತಿತ್ತು. ಅಪ್ಪಾ ಎಂದು ಕೂಗಿದೆ, ಗಾಳಿ ಎದುರಿತ್ತು. ಹಿಂದೆ ಅಣ್ಣಿಗೇರಿಯ ಕಡೆಯಿಂದ ಹಾರ್ನ್ ಕೇಳಿಸಿತು. ಮೊಣಕಾಲು ಹಿಡಿದ ಅವ್ವ ಏರಿ ಹತ್ತಲಾರದೆ ಕೆಳಗೆ ಬದುವಿನ ಮೇಲೆಯೇ ಬರುತ್ತಿದ್ದಳು. ನಾನು ಹೊಳ್ಳಿ, "ಯವ್ವಾ, ಹೆಸರು ಹಿಡದು ಕರಿ ಬೇ," ಎಂದು ಚೀರಿದೆ.

ಅವ್ವ ಕರೆದಳು. ನನ್ನ ಜೀವಮಾನದಲ್ಲಿ ಮೊದಲ ಸಲ ಅವ್ವನ ಬಾಯಲ್ಲಿ ಅಪ್ಪನ ಹೆಸರು ಕೇಳಿದೆ. ಆ ದನಿ ಅವಳದಾಗಿರಲಿಲ್ಲ, ಬೇರೆ ಯಾರೋ ಹೆಂಗಸು ಹೆದರಿ ಕರೆದ ಹಾಗಿತ್ತು. ಇನ್ನೊಮ್ಮೆ ಕರೆದಳು. ಅಪ್ಪ ಬಗ್ಗಿ, ಅಲ್ಲಿಲ್ಲದ ಇನ್ನೊಂದು ಕೀಲಿ ಬಡಿದ. ಊರೆಲ್ಲ ಆ ಹೆಸರನ್ನು ಕೂಗಿದ್ದಾಗಿತ್ತು, ಅದು ಅವನನ್ನು ಬಿಟ್ಟು ಎಂದೋ ಹೋಗಿತ್ತು. ಹಾರ್ನ್ ಹತ್ತಿರವಾಯಿತು, ಈಗ ಬಿಡದೆ ಒತ್ತುತ್ತಿದ್ದರು.

ಆಗ ಅವ್ವ ಬದುವಿನ ಮೇಲೆ ನಿಂತಳು. ಓಡುವುದನ್ನು ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಯಾವತ್ತಿನ ಹಾಗೆ ಕೂಗಿದಳು. "ಕೇಳಿದ್ರೇನ್ರೀ."

ಅಪ್ಪ ತಲೆಯೆತ್ತಿದ. ನನ್ನ ಕಡೆಗಲ್ಲ, ಹೊಲದ ಕಡೆ. ಕಾವನ್ನು ಹೆಗಲಿಗೆ ಹಾಕಿಕೊಂಡ, ಹಳಿ ದಾಟಿದ, ಮೊಣಕಾಲ ಮೇಲೆ ಒಂದು ಕೈಯಿಟ್ಟು ಅಡ್ಡಡ್ಡ ಏರಿಯಿಂದ ಇಳಿದ. ನಾನೂ ಇಳಿಜಾರಿಗೆ ಉರುಳಿದೆ. ಗೂಡ್ಸ್ ಗಾಡಿ ನಮ್ಮ ತಲೆಯ ಮೇಲೆ ಹೋದ ಹಾಗೆ ಹೋಯಿತು, ಎಷ್ಟು ಹೊತ್ತು ಹೋಯಿತೋ ತಿಳಿಯದು.

ಸದ್ದು ಮುಗಿದ ಮೇಲೆ ಕೆಳಗೆ ಬಂದು ನೋಡಿದರೆ ಅಪ್ಪ ಬದುವಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. "ಬುತ್ತಿ ತಂದೀಯಿಲ್ಲೋ?" ಎಂದು ಅವ್ವನನ್ನು ಕೇಳುತ್ತಿದ್ದ. ಬರಿಗೈಯಲ್ಲಿ ಓಡಿ ಬಂದವಳು ಅವಳು. ಕುರಿಯವರು ತಮ್ಮ ಹೆಗಲ ಚೀಲ ಬಿಚ್ಚಿ ಎರಡು ಕಟಿರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ ತೆಗೆದರು. ಅವ್ವ ಹಳೆಯ ರೂಢಿಯಂತೆ, ಮೇಲಿನಿಂದ ಹಾಕಲಿ ಎಂದು ಸೆರಗು ಒಡ್ಡಿದಳು. "ಸೆರಗು ಯಾಕ ಅವ್ವಾರ, ಕೈಯಾಗ ತಗೋರಿ," ಎಂದು ಅವರು ರೊಟ್ಟಿಯನ್ನು ಅವಳ ಅಂಗೈಯ ಮೇಲಿಟ್ಟರು. ಅಪ್ಪ ಉಂಡ. ನಾವೆಲ್ಲ ಸುತ್ತ ನಿಂತು ಅವನು ಉಣ್ಣುವುದನ್ನು ನೋಡಿದೆವು.

ಆ ಕುರಿಯವರು ಆಮೇಲೆ ಏನು ಉಂಡರೋ, ಬಿಟ್ಟು ಬಂದ ಕುರಿಗಳು ಎಲ್ಲಿ ಹೊಕ್ಕವೋ ನಾನು ಕೇಳಲೇ ಇಲ್ಲ. ಮುಖವನ್ನೇ ಕಾಣದ ಆ ಗಾಡಿಯ ಡ್ರೈವರನ್ನು, ಫೋನು ಹಚ್ಚಿದವನನ್ನು, ಕೆಲಸ ಬಿಟ್ಟು ಓಡಿ ಬಂದ ಪ್ರತಿಯೊಬ್ಬರನ್ನು ನಾನು ಇವತ್ತಿಗೂ ದಿನಾ ನೆನೆಯುತ್ತೇನೆ. ನನಗೆ ದೇವರ ಮೇಲೆ ಅಂಥ ನಂಬಿಕೆಯಿಲ್ಲ, ಆದರೆ ಇಷ್ಟು ಉಪಕಾರವನ್ನು ಎಲ್ಲಾದರೂ ಒಂದು ಕಡೆ ಸಲ್ಲಿಸಬೇಕು ಎನ್ನಿಸುತ್ತದೆ. ಪಾಸ್ಟರಿಗೆ ಎಲ್ಲವನ್ನೂ ಹೇಳಿದಾಗ ಅವರು ಟಗರಿನ ಮಾತು ಎತ್ತಲಿಲ್ಲ. ಕುರಿ ಎಂಬ ಶಬ್ದ ಬಂದಲ್ಲಿ ಒಮ್ಮೆ ನನ್ನ ಮುಖ ನೋಡಿದರು, ಅಷ್ಟೇ. ಅದಕ್ಕೂ ಅವರಿಗೆ ನಾನು ಋಣಿ.

ಅವ್ವನ ಸಂಕಟ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಅಪ್ಪ ಉಳಿದ ಎಂಬ ಸಂತೋಷದೊಳಗೇ, ತಾನು ಅವನ ಹೆಸರು ಹೇಳಿಬಿಟ್ಟೆ ಎಂಬ ಮುಳ್ಳು ಅವಳಿಗೆ ಚುಚ್ಚುತ್ತಿತ್ತು. ಎಲ್ಲಮ್ಮನ ಮುಂದೆ ತುಪ್ಪದ ದೀಪ ಹಚ್ಚಿ ಸುಮ್ಮನೆ ಕೂಡುವಳು. ಉಂಡ ಶಾಸ್ತ್ರ ಮಾಡಿ ಏಳುವಳು. ನಾನು ಸಿಟ್ಟಾದೆ, ಬುದ್ಧಿ ಹೇಳಿದೆ, ಅದೆಲ್ಲ ಮೂಢನಂಬಿಕೆ ಎಂದೆ. ಕೇಳಿಸಿಕೊಂಡು, "ನಿಮ್ಮ ಪಾಸ್ಟರಿಗೆ ಒಂದು ಮಾತು ಕೇಳಿಕೊಂಡು ಬಾ," ಎಂದಳು. "ಹೆಸರು ಹೇಳಬಾರದು ಅನ್ನೋ ಮಂದಿ ಅದಾರಲ್ಲ, ಅವರೊಳಗ ಯಾರರ ತಪ್ಪಿ ಹೇಳಿಬಿಟ್ರ ಏನು ಮಾಡ್ತಾರಂತ?"

ಕೇಳಿದೆ. ಹಿಂದೆ ಆ ಹೆಸರನ್ನು ಹೇಳುವ ಹಕ್ಕು ಗುಡಿಯ ದೊಡ್ಡ ಪೂಜಾರಿ ಒಬ್ಬನಿಗೇ, ಅದೂ ವರ್ಷಕ್ಕೊಂದು ದಿನ ಇತ್ತಂತೆ. ತಪ್ಪಿ ಹೇಳಿದವರ ಸಂಗತಿ ತಮಗೆ ಪೂರಾ ತಿಳಿಯದು ಎಂದರು ಪಾಸ್ಟರ್. ಮತ್ತೆ ಕೇಳಿದರು, "ಅವ್ವಾರು ಹೆಸರು ಹೇಳಿದಾಗ ಅಪ್ಪಾರು ತಿರುಗಿ ನೋಡಿದ್ರೇನ್ರಿ?"

"ಇಲ್ರಿ."

"ಹಂಗಾರ ಅವರು ಕೇಳೇ ಇಲ್ಲ. ಕೇಳದ ಹೆಸರು ಹೇಳಿದಂಗ ಅಲ್ಲ ಅಂತ ಹೇಳ್ರಿ ಅವ್ವಾರಿಗೆ. ನಾ ಹೇಳೀನಂತ ಹೇಳ್ರಿ."

ಶಾಸ್ತ್ರದಲ್ಲಿ ಇದಕ್ಕೆ ಆಧಾರ ಇದೆಯೋ ಇಲ್ಲವೋ, ನಾನು ಕೇಳಲಿಲ್ಲ. ಅಡಿಗೆಮನೆಯೂ ಸುಮ್ಮನಿತ್ತು. ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ಅಪ್ಪನ ಮುಖವನ್ನೊಮ್ಮೆ ನೋಡಿ, "ಹೌದಲ್ಲ, ಅವ್ರು ಕೇಳೇ ಇಲ್ಲ," ಎಂದಳು. ಅವತ್ತು ಎರಡು ರೊಟ್ಟಿ ಉಂಡಳು.

ಆಮೇಲೆ ಹಿತ್ತಲ ಬಾಗಿಲಿಗೆ ಅಗಳಿ ಹಾಕಿಸಿದೆವು, ಹುಬ್ಬಳ್ಳಿಯ ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆವು. ಡಾಕ್ಟರ್ ಇನ್ನೂ ಎಳೆಯ ಹೆಣ್ಣುಮಗಳು, ಮಾತು ಮೆತ್ತಗೆ. ಇವತ್ತು ಯಾವ ವಾರ, ಇದು ಯಾವ ಊರು ಎಂದು ಒಂದೊಂದೇ ಕೇಳಿದರು. ಅಪ್ಪ ಮರ್ಯಾದೆಯಿಂದ ನಗುತ್ತ ಕೂತಿದ್ದ.

"ಅಜ್ಜಾರ, ನಿಮ್ಮ ಹೆಸರೇನ್ರಿ?"

ನನ್ನ ಬಾಯಿ ತೆರೆದಿತ್ತು, ಡಾಕ್ಟರ್ ಕೈಯೆತ್ತಿ ತಡೆದರು. ಅವ್ವ ನೆಲ ನೋಡುತ್ತ ಕೂತಳು, ಅವಳಂತೂ ಹೇಳುವ ಹಾಗಿರಲಿಲ್ಲ. ಅಪ್ಪ ಡಾಕ್ಟರನ್ನು ನೋಡಿದ, ನನ್ನನ್ನು ನೋಡಿದ, ಕಿಟಕಿಯನ್ನು ನೋಡಿದ. ಕಡೆಗೆ ಬೆರಳು ಮಾಡಿ ಅವ್ವನನ್ನು ತೋರಿಸಿದ.

"ಇಕಿ ಕರೀತಾಳಲ್ಲ," ಎಂದ, "ಅದು."

"ಏನಂತ ಕರೀತೀರಿ ಅಜ್ಜಿ?" ಎಂದು ಡಾಕ್ಟರ್ ಅವ್ವನ ಕಡೆ ತಿರುಗಿದರು. ಅವ್ವನ ಕಣ್ಣು ತುಂಬಿದ್ದವು. ತಲೆಯ ಮೇಲೆ ಸೆರಗು ಎಳೆದುಕೊಂಡಳು. ಡಾಕ್ಟರಿಗೆ ಉತ್ತರ ಕೊಡದೆ ಅಪ್ಪನ ಕಡೆಗೇ ನೋಡಿ, ಮನೆಯಲ್ಲಿ ಕರೆಯುವಷ್ಟೇ ಮೆತ್ತಗೆ ಕರೆದಳು. "ಕೇಳಿದ್ರೇನ್ರಿ?"

"ಹೂಂ," ಎಂದ ಅಪ್ಪ. "ಅದೀನಿ, ಇಲ್ಲೇ ಅದೀನಿ. ಹೇಳು."